ಚಿತ್ತಿ ಮಳೆಯ ವಾರದಲ್ಲಿ ಸೋಯಾ ರಾಶಿ: 'ಒಂದೆರಡು ಕಡೆ ಹಗುರ ಮಳೆ' ಎಂಬುದನ್ನು ಹೇಗೆ ಓದಬೇಕು?

ಪ್ರಶ್ನೆ: ಆಳಂದ ತಾಲೂಕಿನ ರೈತ

ಎಲ್ಲರಿಗೂ ಶರಣು. ನಮ್ಮ ನಾಲ್ಕು ಎಕರೆ ಸೋಯಾವನ್ನು ಮೊನ್ನೆ ಕೊಯ್ದು ಹೊಲದಲ್ಲೇ ಬಣವೆ ಒಟ್ಟಿದ್ದೇವೆ. ಕಾಳು ಬಿಡಿಸುವ ರಾಶಿ ಯಂತ್ರದವರು ನಾಳೆ ಬರುತ್ತೇವೆ, ನಾಳೆ ಬೇಡವೆಂದರೆ ಇನ್ನು ಮುಂದಿನ ವಾರವೇ ಎನ್ನುತ್ತಿದ್ದಾರೆ. ಈ ವಾರದ ಮುನ್ಸೂಚನೆಯಲ್ಲಿ ಬಹುತೇಕ ಒಣಹವೆ, ಭಾಗಶಃ ಮೋಡ, ಒಂದೆರಡು ಕಡೆ ಹಗುರ ಮಳೆಯ ಸಾಧ್ಯತೆ ಎಂದಿದೆ. ಗರಿಷ್ಠ ಉಷ್ಣಾಂಶ 31 ಡಿಗ್ರಿ, ಕನಿಷ್ಠ 20 ಡಿಗ್ರಿ. ಓದಿದರೆ ಹಿತವಾದ ವಾರವೆನಿಸುತ್ತದೆ. ಆದರೆ ಇಂದು ಬೆಳಿಗ್ಗೆ ಬಣವೆಯ ತಾಡಪತ್ರಿ ಸರಿಸಿದಾಗ ಅದರ ಒಳಮೈಯಲ್ಲಿ ಹನಿಗಳು ಸಾಲುಗಟ್ಟಿ ನಿಂತಿದ್ದವು, ಮೇಲಿನ ಕಾಯಿಗಳು ಕೈಗೆ ಮೆತ್ತಗೆ ಹತ್ತಿದವು. ರಾತ್ರಿ ಒಂದು ಹನಿಯೂ ಮಳೆ ಬಿದ್ದಿರಲಿಲ್ಲ. ಮುನ್ಸೂಚನೆಯ ಆ 'ಒಂದೆರಡು ಕಡೆ'ಯಲ್ಲಿ ನಮ್ಮ ಹೊಲ ಸೇರುತ್ತದೆಯೇ ಇಲ್ಲವೇ ಎಂದು ತಿಳಿಯುವುದು ಹೇಗೆ? ಪಕ್ಕದ ಹೊಲದಲ್ಲಿ ಕಡಲೆ ಬಿತ್ತುವುದಿದೆ, ತೊಗರಿ ಹೂವಿಗೆ ಬಂದಿದೆ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1: ಕಲಬುರಗಿ, ನಿವೃತ್ತ ಕೃಷಿ ಉಪನ್ಯಾಸಕ

ಶರಣು. ಮೊದಲು ಪದಗಳ ಅರ್ಥ ನೋಡೋಣ, ಏಕೆಂದರೆ ಮುನ್ಸೂಚನೆಯಲ್ಲಿ ಪ್ರತಿಯೊಂದು ಪದಕ್ಕೂ ಅಳತೆಯಿದೆ. 'ಒಂದೆರಡು ಕಡೆ' ಎಂದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಹೆಚ್ಚೆಂದರೆ ಶೇ. 25ರಷ್ಟು ಕಡೆ ಮಾತ್ರ ಮಳೆಯಾಗಬಹುದು ಎಂದರ್ಥ. 'ಹಗುರ ಮಳೆ' ಎಂದರೆ 24 ಗಂಟೆಗಳಲ್ಲಿ 2.5ರಿಂದ 15.5 ಮಿಲಿಮೀಟರ್. ಇಲ್ಲಿಯೇ ನಮ್ಮ ರೈತರು ಮೋಸ ಹೋಗುತ್ತಾರೆ. ಹತ್ತು ಮಿಲಿಮೀಟರ್ ಮಳೆ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಹಗುರವಾದರೂ ಬಣವೆಯ ಪ್ರತಿ ಚದರ ಮೀಟರಿನ ಮೇಲೆ ಹತ್ತು ಲೀಟರ್ ನೀರು ಸುರಿದಂತೆ, ಮುಚ್ಚದ ಸೋಯಾಕ್ಕೆ ಅದು ಖಂಡಿತ ಹಗುರವಲ್ಲ. ನಾಲ್ಕರಲ್ಲಿ ಒಂದು ಕಡೆ ಎಂದು ಗೊತ್ತಾದರೂ ಆ ಒಂದು ಕಡೆ ಯಾವುದು ಎಂಬುದನ್ನು ಯಾವ ಮುನ್ಸೂಚನೆಯೂ ಹೊಲದ ಮಟ್ಟಿಗೆ ಹೇಳಲಾರದು. ಚಿತ್ತಾ ನಕ್ಷತ್ರದ ಮಳೆಯನ್ನು ನಮ್ಮ ಹಿರಿಯರು ಇದಕ್ಕಾಗಿಯೇ 'ಕುರುಡು ಚಿತ್ತಿ' ಎಂದು ಕರೆದರು. ಒಂದು ಬದುವಿನ ಆಚೆ ಸುರಿದು ಈಚೆ ಬಿಡುವ ಮಳೆ ಅದು, ಅಕ್ಟೋಬರ್ 10ರ ಸುಮಾರಿಗೆ ಹೂಡಿ 23ರವರೆಗೆ ಇರುತ್ತದೆ.

ನೀವು ತಾಡಪತ್ರಿಯ ಒಳಗೆ ಕಂಡ ಹನಿಗಳಿಗೂ ಮಳೆಗೂ ಸಂಬಂಧವಿಲ್ಲ. ಮುಂಗಾರು ಹಿಂದೆ ಸರಿಯುವ ಈ ದಿನಗಳಲ್ಲಿ ಇರುಳಿನ ಆಕಾಶ ತಿಳಿಯಾಗಿ ನೆಲ ಬೇಗ ತಣ್ಣಗಾಗುತ್ತದೆ. ಬಣವೆಯ ಹಸಿ ಕಾಂಡ ಮತ್ತು ಎರೆಮಣ್ಣಿನಿಂದ ಏಳುವ ಆವಿ ತಣ್ಣಗಿನ ತಾಡಪತ್ರಿಗೆ ತಾಗಿ ನೀರಾಗುತ್ತದೆ. ಹೀಗಾಗಿ ತಾಡಪತ್ರಿಯನ್ನು ಹಗಲೆಲ್ಲ ಹೊದಿಸಿಡಬೇಡಿ. ಇಬ್ಬನಿ ಆರಿದ ಮೇಲೆ ತೆಗೆದು, ಸಂಜೆ ನಾಲ್ಕರೊಳಗೆ ಮತ್ತೆ ಹೊದಿಸಿ, ಏಕೆಂದರೆ ಈ ಕಾಲದ ಗುಡುಗು ಮಳೆ ಸಾಮಾನ್ಯವಾಗಿ ಮಧ್ಯಾಹ್ನದ ನಂತರ ಕಟ್ಟುತ್ತದೆ. ನನ್ನ ಅಭಿಪ್ರಾಯದಲ್ಲಿ ನೀವು ನಾಳೆಯೇ ರಾಶಿ ಮಾಡಬೇಕು, ಆದರೆ ಹನ್ನೊಂದು ಗಂಟೆಗೆ ಮೊದಲು ಯಂತ್ರ ಶುರು ಮಾಡಿಸಬಾರದು.

ಇನ್ನೊಂದು ಮಾತು. ಮಳೆಯ ದಾಖಲೆಯ ದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ. ಹದಿನೈದನೆಯ ತಾರೀಖಿನ ಸಂಜೆ ಬಿದ್ದ ಮಳೆ ಹದಿನಾರರ ಲೆಕ್ಕದಲ್ಲಿ ಕಾಣುವುದರಿಂದ ಮುನ್ಸೂಚನೆ ತಪ್ಪಿತೆಂದು ಅವಸರದಲ್ಲಿ ತೀರ್ಮಾನಿಸಬೇಡಿ.

ಉತ್ತರ 2: ಬೀದರ್

ಬೀದರ್ ಸುಮಾರು 660 ಮೀಟರ್ ಎತ್ತರದಲ್ಲಿರುವುದರಿಂದ ಕಲಬುರಗಿಗಿಂತ ಇಲ್ಲಿ ಇರುಳು ತಂಪು ಹೆಚ್ಚು, ಹತ್ತು ಗಂಟೆಯವರೆಗೂ ಕಾಯಿ ಒದ್ದೆಯಿರುತ್ತದೆ. ರಾಶಿಯಾದ ಕಾಳನ್ನು ಕೂಡಲೇ ಚೀಲಕ್ಕೆ ತುಂಬಬೇಡಿ. ಖರೀದಿ ಕೇಂದ್ರದಲ್ಲಿ ಶೇ. 12ಕ್ಕಿಂತ ಹೆಚ್ಚು ತೇವಾಂಶವಿದ್ದರೆ ಒಪ್ಪುವುದಿಲ್ಲ. ಕಳೆದ ವರ್ಷ ನಾನು ಆತುರ ಮಾಡಿ ಚೀಲ ಹೊತ್ತು ಹೋಗಿ ಹಾಗೆಯೇ ಮರಳಿ ತಂದೆ.

ಉತ್ತರ 3: ಸೇಡಂ ಕಡೆಯ ರೈತ ಮಹಿಳೆ

ಅಣ್ಣಾ, ಸೋಯಾದ ಚಿಂತೆಯಲ್ಲಿ ತೊಗರಿಯನ್ನು ಮರೆಯಬೇಡಿ. 'ಭಾಗಶಃ ಮೋಡ' ಎಂಬ ಪದ ನನಗೆ ಮಳೆಗಿಂತ ಹೆಚ್ಚು ಭಯ ಹುಟ್ಟಿಸುತ್ತದೆ. ಮೋಡ ಕವಿದು ಮಂಜು ಮುಸುಕಿದ ದಿನಗಳಲ್ಲಿ ಹೂ ಉದುರುವುದೂ ಕಾಯಿಕೊರಕ ಹುಳು ಹೆಚ್ಚುವುದೂ ಒಟ್ಟಿಗೇ ನಡೆಯುತ್ತವೆ. ಸಾಲಿನ ನಡುವೆ ಹಳೆಯ ಸೀರೆಯೊಂದನ್ನು ಹಾಸಿ ಗಿಡ ಅಲ್ಲಾಡಿಸಿ, ಎಷ್ಟು ಹುಳು ಉದುರುತ್ತವೆ ಎಂದು ಎಣಿಸಿ. ಗಿಡಕ್ಕೊಂದು ಹುಳು ಅಥವಾ ಎರಡು ಮೊಟ್ಟೆ ಕಂಡರೆ ಸಿಂಪರಣೆಗೆ ತಡಮಾಡಬಾರದು. ಅರ್ಧದಷ್ಟು ಹೂವು ಬಿಟ್ಟಾಗ ಪಲ್ಸ್ ಮ್ಯಾಜಿಕ್ ಎಂಬ ಪೋಷಕಾಂಶ ಮಿಶ್ರಣವನ್ನು ಲೀಟರ್ ನೀರಿಗೆ 10 ಗ್ರಾಂ ಬೆರೆಸಿ ಸಿಂಪಡಿಸಿದರೆ ಹೂ ಉದುರುವುದು ಕಡಿಮೆಯಾಗುತ್ತದೆ. ಇದನ್ನು ರಾಯಚೂರು ಕೃಷಿ ವಿಶ್ವವಿದ್ಯಾಲಯವೇ ಸಿದ್ಧಪಡಿಸಿದೆ. ಹಗುರ ಮಳೆಯ ಸೂಚನೆಯಿರುವ ಸಂಜೆ ಮಾತ್ರ ಸಿಂಪಡಿಸಬೇಡಿ, ತೊಳೆದು ಹೋಗುತ್ತದೆ.

ಉತ್ತರ 4: ಭೀಮಾ ದಂಡೆ, ಜೇವರ್ಗಿ ತಾಲೂಕು

ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಏಳು ದಿನಗಳ ಮುನ್ಸೂಚನೆಯ ಕೊನೆಯ ಎರಡು ದಿನಗಳನ್ನು ಮೊದಲ ಮೂರು ದಿನಗಳಷ್ಟೇ ನಂಬಬೇಡಿ ಎಂದು ಕೇಳಿಕೊಳ್ಳುತ್ತೇನೆ. ಅಕ್ಟೋಬರಿನ ಹಿತವಾದ ಹವೆ ಬಂಗಾಳ ಕೊಲ್ಲಿ ಶಾಂತವಾಗಿರುವವರೆಗೆ ಮಾತ್ರ. 2020ರ ಅಕ್ಟೋಬರ್ 13ರಂದು ಕಾಕಿನಾಡದ ಬಳಿ ಕರಾವಳಿ ದಾಟಿದ ವಾಯುಭಾರ ಕುಸಿತ ತೆಲಂಗಾಣವನ್ನು ಹಾದು ನಮ್ಮ ಮೇಲಿಂದ ಮಹಾರಾಷ್ಟ್ರಕ್ಕೆ ಹೋಯಿತು. ಇಲ್ಲಿಯ ಮಳೆಗೆ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಬಿಟ್ಟ ನೀರೂ ಸೇರಿ ಭೀಮೆ ಊರುಗಳಿಗೆ ನುಗ್ಗಿದಳು. ನಮ್ಮ ಹೊಲದಲ್ಲಿ ಕಾಯಿ ಕಟ್ಟುತ್ತಿದ್ದ ತೊಗರಿ ಕೆಸರಿನಲ್ಲಿ ಮಲಗಿತ್ತು, ನೀರಿಳಿದ ಮೇಲೆ ಗಿಡದ ಅರ್ಧ ಎತ್ತರಕ್ಕೆ ಹೂಳಿನ ಗೆರೆ ಉಳಿದಿತ್ತು. ಅಂದಿನಿಂದ ನಾನು ಮೊದಲು ಕೊಲ್ಲಿಯ ಸುದ್ದಿ ನೋಡಿ ಆಮೇಲೆ ಜಿಲ್ಲೆಯ ಮುನ್ಸೂಚನೆ ನೋಡುತ್ತೇನೆ. ಮಂಗಳವಾರ ಮತ್ತು ಶುಕ್ರವಾರ ಬರುವ ಕೃಷಿ ಹವಾಮಾನ ಸಲಹೆಯನ್ನೂ ತಪ್ಪದೆ ಓದಿ.

ಕಡಲೆಗೆ ಎರಡು ದಿನ ಕಾಯಬಹುದು. ಬಿತ್ತಿದ ಮರುದಿನವೇ ರಭಸದ ಮಳೆಯಾದರೆ ಎರೆಮಣ್ಣಿನ ಮೇಲ್ಪದರ ಗಟ್ಟಿಯಾಗಿ ಮೊಳಕೆ ಮೇಲೇಳುವುದು ಕಷ್ಟ. ಮಣ್ಣನ್ನು ಮುಷ್ಟಿಯಲ್ಲಿ ಹಿಡಿದಾಗ ಉಂಡೆಯಾಗಿ, ಬೆರಳಿನಿಂದ ಒತ್ತಿದರೆ ಒಡೆಯುವಂತಿದ್ದರೆ ಹದ ಇನ್ನೂ ಇದೆ ಎಂದೇ ತಿಳಿಯಿರಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಅನಂತ ಶರಣು. ಯಂತ್ರದವರಿಗೆ ನಾಳೆ ಹನ್ನೊಂದಕ್ಕೆ ಬರಹೇಳಿದ್ದೇನೆ, ತಾಡಪತ್ರಿಯನ್ನು ಒಂಬತ್ತೂವರೆಗೆ ತೆಗೆಯುತ್ತೇವೆ. ಈಗಷ್ಟೇ ಕಡಲೆ ಹೊಲದ ಮಣ್ಣು ಹಿಡಿದು ನೋಡಿದೆ. ಉಂಡೆಯಾಯಿತು, ಒತ್ತಿದರೆ ಒಡೆಯಿತು. ಶುಕ್ರವಾರದ ಸಲಹೆ ಬಂದ ಮೇಲೆ ಕೂರಿಗೆ ಹೂಡುತ್ತೇವೆ. ತೊಗರಿಯಲ್ಲಿ ಹತ್ತು ಗಿಡ ಅಲ್ಲಾಡಿಸಿದಾಗ ನಾಲ್ಕು ಹುಳು ಬಿದ್ದವು, ತಂಗಿ ಹೇಳಿದ ಮಿತಿಗಿಂತ ಕಡಿಮೆಯಿದೆ. ನಾಡಿದ್ದು ಮತ್ತೆ ಎಣಿಸಿ ಇಲ್ಲಿಯೇ ತಿಳಿಸುತ್ತೇನೆ.