ಪುಟ್ಟಾ, ಆ ಎಸ್‌ಎಂಪಿಎಸ್‌ಗೆ ಹೆಸರೇ ಇಲ್ವಲ್ಲೋ

ಅಕ್ಕಾ, ಪುಟ್ಟ ಗ್ರೂಪಿಗೆ ಹಾಕಿದ ಗೇಮಿಂಗ್ ಕಂಪ್ಯೂಟರಿನ ಲಿಸ್ಟ್ ಈಗ ನೋಡಿದೆ. ಬಸ್ಸಿನಲ್ಲಿದ್ದೇನೆ, ಉದ್ದ ಆದರೆ ಬೈಕೋಬೇಡಿ. ಒಂದು ಲಕ್ಷದೊಳಗೆ ಆಗಬೇಕು, ಅಂಗಡಿಯವರು ಬರೆದುಕೊಟ್ಟದ್ದು ಸರಿ ಇದೆಯಾ ಅಂತ ನೀನು ಕೇಳಿದ್ದೆ. ಅಷ್ಟೊಂದು ಲೈಟು ಯಾಕೆ ಅಂತಲೂ ಕೇಳಿದ್ದೆ. ಆ ಎರಡನೇ ಪ್ರಶ್ನೆ ಬಹಳ ಸರಿ ಇದೆ.

ನೋಡು ಪುಟ್ಟಾ. ಪ್ರೊಸೆಸರ್, ಅಂದರೆ ಕಂಪ್ಯೂಟರಿನ ಮಿದುಳು, ಇಂಟೆಲ್ ಐ7, 14ನೇ ಜನರೇಷನ್. ಅದಕ್ಕೊಂದು ಲಿಕ್ವಿಡ್ ಕೂಲರ್. ಗಾಜಿನ ಕ್ಯಾಬಿನೆಟ್, ಬಣ್ಣ ಬಣ್ಣದ ಆರು ಫ್ಯಾನು. ಇಷ್ಟೆಲ್ಲಾ ಆದ ಮೇಲೆ ಆಟದ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡ್ ಯಾವುದಪ್ಪಾ ಅಂದರೆ ಆರ್‌ಟಿಎಕ್ಸ್ 3050, ಅದೂ 6 ಜಿಬಿ ಮೆಮೊರಿಯದ್ದು! ಮಂಟಪಕ್ಕೆ ಹೂವಿನ ಅಲಂಕಾರ ಮಾಡಿಸಿ, ಊಟಕ್ಕೆ ಬರೀ ಚಿತ್ರಾನ್ನ ಬಡಿಸಿದ ಹಾಗಾಯಿತು.

ನೀನು ವ್ಯಾಲರಂಟ್ ಒಂದನ್ನೇ ಆಡುವುದಾದರೆ ಆ ಕಾರ್ಡೇ ಸಾಕು, ಅದು ಪ್ರೊಸೆಸರ್ ಮೇಲೆ ನಡೆಯುವ ಆಟ. ಆದರೆ ಸೈಬರ್‌ಪಂಕ್ ಕೂಡ ಆಡಬೇಕು ಅಂದೆಯಲ್ಲ, ಅಲ್ಲಿ ಎಲ್ಲ ಭಾರ ಬೀಳುವುದು ಕಾರ್ಡಿನ ಮೇಲೆ. ಹಾಗಾಗಿ ದುಡ್ಡಿನ ದೊಡ್ಡ ಪಾಲು ಅಲ್ಲಿಗೆ ಹೋಗಲಿ. ಆರ್‌ಎಕ್ಸ್ 9060 ಎಕ್ಸ್‌ಟಿ ತಗೋ, 16 ಜಿಬಿಯದ್ದು. ಅದೇ ಹೆಸರಿನಲ್ಲಿ 8 ಜಿಬಿಯದ್ದೂ ಬರುತ್ತದೆ, ಡಬ್ಬ ನೋಡಿಯೇ ತಗೋ. ಈಗಿನ ದೊಡ್ಡ ಆಟಗಳಿಗೆ 8 ಜಿಬಿ ಆಗಲೇ ಬಿಗಿಯಾಗುತ್ತಿದೆ. ಆಮೇಲೆ 4ಕೆ ಮಾನಿಟರಿನ ಆಸೆ ಈಗಲೇ ಬೇಡ. ಮನೆಯಲ್ಲಿರುವ 1080ಪಿ ಮಾನಿಟರಿನಲ್ಲಿ ಇರುವುದು ಸುಮಾರು 21 ಲಕ್ಷ ಚುಕ್ಕಿ, 4ಕೆಯಲ್ಲಿ 83 ಲಕ್ಷ. ಒಂದೊಂದು ಚಿತ್ರಕ್ಕೂ ಕಾರ್ಡು ನಾಲ್ಕು ಪಟ್ಟು ಚುಕ್ಕಿ ಬಿಡಿಸಬೇಕು. ಆ ಮಾನಿಟರ್ 60 ಹರ್ಟ್ಸಿನದು, ಅಂದರೆ ಸೆಕೆಂಡಿಗೆ 60 ಚಿತ್ರ ಮಾತ್ರ ತೋರಿಸುತ್ತದೆ, ಮುಂದಿನ ವರ್ಷ ಅದನ್ನು ಬದಲಾಯಿಸಿದರಾಯಿತು.

ಪ್ರೊಸೆಸರ್‌ಗೆ ರೈಜೆನ್ 5 7600 ಸಾಕು. ಆರು ಕೋರ್, 65 ವ್ಯಾಟು, ಕೂಲರ್ ಡಬ್ಬದಲ್ಲೇ ಬರುತ್ತದೆ. ಇನ್ನೊಂದು ಕಾರಣವೂ ಇದೆ, ಮುಂದೆ ಬೋರ್ಡು ಬಿಟ್ಟು ಪ್ರೊಸೆಸರ್ ಒಂದನ್ನೇ ಬದಲಾಯಿಸುವ ಮಾತು. ಅಂಗಡಿಯವರು ಬರೆದ ಐ7 ಕೂರುವ ಸಾಕೆಟ್ 14ನೇ ಜನರೇಷನ್ನಿಗೇ ಮುಗಿಯಿತು, 2024ರಲ್ಲಿ ಇಂಟೆಲ್ ಹೊಸ ಸಾಕೆಟ್ ತಂದಿತು. ರೈಜೆನ್‌ನವರದು ಹಾಗಲ್ಲ. ಅವರ ಹಳೇ ಎಎಂ4 ಸಾಕೆಟಿನ ಮದರ್‌ಬೋರ್ಡನ್ನು 2017ರಲ್ಲಿ ತಗೊಂಡವರು ಬಯಾಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿಕೊಂಡು, 2022ರಲ್ಲಿ ಬಂದ ಪ್ರೊಸೆಸರನ್ನು ಅದೇ ಬೋರ್ಡಿಗೆ ಕೂರಿಸಿದರು. ಈಗಿನ ಸಾಕೆಟ್ ಎಎಂ5, 7600 ಕೂರುವುದು ಅದರಲ್ಲೇ.

ರ‍್ಯಾಮ್ ರೇಟು ಎಐ ಡೇಟಾ ಸೆಂಟರ್‌ಗಳ ದೆಸೆಯಿಂದ ಏರಿ ಕೂತಿದೆ. 16 ಜಿಬಿಗೆ ನಿಲ್ಲಿಸು, ಆದರೆ 8ರದ್ದು ಎರಡು ತಗೋ, 16ರದ್ದು ಒಂದಲ್ಲ. ಎರಡಿದ್ದರೆ ಎರಡು ದಾರಿಯಲ್ಲಿ ಡೇಟಾ ಓಡಾಡುತ್ತದೆ.

ಈಗ ನನಗೆ ನಿಜವಾಗಿ ಹೊಟ್ಟೆ ತೊಳಸಿದ ಸಾಲು, ಗೋಡೆಯ ಕರೆಂಟನ್ನು ಒಳಗಿನ ಭಾಗಗಳಿಗೆಲ್ಲ ಹಂಚುವ ಡಬ್ಬದ್ದು. "ಎಸ್‌ಎಂಪಿಎಸ್ 650 ವ್ಯಾಟ್" ಅಂತ ಇದೆ, ಅಷ್ಟೇ. ಕಂಪನಿಯೂ ಇಲ್ಲ, ಮಾಡೆಲ್ಲೂ ಇಲ್ಲ. ನನ್ನ ಮೊದಲ ಕಂಪ್ಯೂಟರಿಗೆ ಒಬ್ಬ ಅಂಗಡಿಯವ ಕ್ಯಾಬಿನೆಟ್ ಜೊತೆ ಫ್ರೀ ಅಂತ 450 ವ್ಯಾಟಿನದ್ದು ಕೊಟ್ಟಿದ್ದ. ಕೈಯಲ್ಲಿ ಹಿಡಿದರೆ ಖಾಲಿ ಟಿಫಿನ್ ಡಬ್ಬದಷ್ಟು ಹಗುರ. ನನಗೋ ಖುಷಿ. ಒಂದು ಸಂಜೆ ಕರೆಂಟು ಹೋಗಿ ಬಂತು, ಟಪ್ ಅಂತ ಸದ್ದು, ಮೀನು ಸುಟ್ಟಂಥ ವಾಸನೆ. ಮದರ್‌ಬೋರ್ಡನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಆಮೇಲೆ ಬಿಚ್ಚಿ ಸ್ಟಿಕರ್ ಓದಿದೆ. 12 ವೋಲ್ಟಿನ ಸಾಲಿನಲ್ಲಿ 17 ಆಂಪಿಯರ್ ಅಂತಿತ್ತು. 12 ಸಲ 17 ಎಷ್ಟು? 204 ವ್ಯಾಟ್. ಗ್ರಾಫಿಕ್ಸ್ ಕಾರ್ಡೂ ಪ್ರೊಸೆಸರೂ ಕರೆಂಟು ಕುಡಿಯುವುದು ಆ 12 ವೋಲ್ಟಿನಿಂದಲೇ, 450 ಅನ್ನುವುದು ಸುಮ್ನೆ ದಪ್ಪ ಅಕ್ಷರ. ಹಾಗಾಗಿ ಅಂಗಡಿಯಲ್ಲಿ ಆ ಗುಣಾಕಾರ ಮಾಡು, 650ರ ಹತ್ತಿರ ಬರಲೇಬೇಕು. ಬ್ರಾಂಜ್, ಗೋಲ್ಡ್ ಅಂತ ಮುದ್ರೆ ಇರುತ್ತದಲ್ಲ, ಅದು ಕರೆಂಟ್ ಎಷ್ಟು ಪೋಲಾಗುತ್ತದೆ ಅಂತ ಹೇಳುತ್ತದೆಯೇ ಹೊರತು ಒಳಗಿನ ಮಾಲು ಗಟ್ಟಿ ಅಂತ ಅಲ್ಲ. ಒಳ್ಳೆ ಕಂಪನಿ, ಐದು ವರ್ಷವಾದರೂ ವಾರಂಟಿ, ಇಷ್ಟು ನೋಡು.

ಲೈಟಿನ ಫ್ಯಾನು, ಲಿಕ್ವಿಡ್ ಕೂಲರ್ ಎರಡನ್ನೂ ಹೊಡೆದುಹಾಕು. ಮುಂದೆ ಜಾಲರಿ ಇರುವ ಸಾದಾ ಕ್ಯಾಬಿನೆಟ್ ತಗೋ, ಗಾಳಿ ಆಡಿದರೆ ಸಾಕು.

ಜೋಡಿಸಿ ಮೊದಲ ಸಲ ಆನ್ ಮಾಡಿದಾಗ ಎಎಂ5 ಬೋರ್ಡು ಕೆಲವು ನಿಮಿಷ ಕಪ್ಪು ಸ್ಕ್ರೀನನ್ನೇ ತೋರಿಸುತ್ತದೆ, ರ‍್ಯಾಮನ್ನು ಪರೀಕ್ಷೆ ಮಾಡಿಕೊಳ್ಳುತ್ತಿರುತ್ತದೆ. ಗಾಬರಿಯಾಗಿ ಸ್ವಿಚ್ ಆರಿಸಬೇಡ. ನನ್ನ ಸ್ನೇಹಿತ ಎರಡು ಸಲ ಬಿಚ್ಚಿ ಕಟ್ಟಿದ, ಆಗಿದ್ದು ಇಷ್ಟೇ. ಮಾನಿಟರಿನ ಕೇಬಲ್ ಕಾರ್ಡಿಗೇ ಚುಚ್ಚು, ಬೋರ್ಡಿಗಲ್ಲ. ಬಯಾಸ್‌ಗೆ ಹೋಗಿ ಎಕ್ಸ್‌ಪೋ ಅನ್ನುವ ರ‍್ಯಾಮ್ ವೇಗದ ಸೆಟ್ಟಿಂಗ್ ಆನ್ ಮಾಡು, ಇಲ್ಲದಿದ್ದರೆ ರ‍್ಯಾಮ್ ನಿಧಾನಕ್ಕೇ ಓಡುತ್ತಿರುತ್ತದೆ.

ಭಾನುವಾರ ನಮ್ಮ ಬೆಂಗಳೂರಿನ ಎಸ್‌ಪಿ ರೋಡಲ್ಲಿ ಕಂಪ್ಯೂಟರ್ ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ, ಶನಿವಾರ ಹನ್ನೊಂದಕ್ಕೆ ಟೌನ್‌ಹಾಲ್ ಹತ್ತಿರ ಸಿಗು. ನಾನು ತಡವಾದರೆ ಎಸ್‌ಎಂಪಿಎಸ್ ಸ್ಟಿಕರಿನ ಫೋಟೋ ಇಲ್ಲಿ ಹಾಕು, ನಾನು ಹೂಂ ಅನ್ನುವವರೆಗೆ ದುಡ್ಡು ಕೊಡಬೇಡ.