ವರ್ಣಭೇದ ಎಂದಾದರೂ ಪೂರ್ತಿ ಹೋಗುತ್ತಾ?

ನಿಧಾನಿ:
ನೇರವಾಗಿ ಕೇಳುತ್ತೇನೆ. ಮೈಬಣ್ಣ ನೋಡಿ ಮನುಷ್ಯನಿಗೆ ಬೆಲೆ ಕಟ್ಟುವ ಚಾಳಿ ಸಮಾಜವನ್ನು ಎಂದಾದರೂ ಬಿಟ್ಟು ಹೋಗುತ್ತಾ? ನನಗಂತೂ ನಂಬಿಕೆ ಇಲ್ಲ. ಕಾನೂನು ಬಂತು, ಓದು ಬಂತು. ಆದರೂ ಫುಟ್‌ಬಾಲ್ ಮೈದಾನದಲ್ಲಿ ಕಪ್ಪು ಆಟಗಾರನ ಕಾಲಿಗೆ ಚೆಂಡು ಸಿಕ್ಕ ತಕ್ಷಣ ಕೋತಿಯ ಹಾಗೆ ಕೂಗುವವರು ಇನ್ನೂ ಇದ್ದಾರೆ. 'ನಮ್ಮವರು, ಹೊರಗಿನವರು' ಅನ್ನುವುದು ಹುಟ್ಟಿನಿಂದಲೇ ಬಂದದ್ದು. ತೊಳೆದರೆ ಹೋಗುವಂಥದ್ದಲ್ಲ. ನೀವೇನಂತೀರಿ?

ಲೆಕ್ಕಿಗ:
ಹುಟ್ಟಿನಿಂದ ಬಂದದ್ದು ಅಂತ ಅಷ್ಟು ಸುಲಭವಾಗಿ ಹೇಳಬೇಡಿ. ಹಸುಗೂಸುಗಳಿಗೆ ಬೇರೆ ಬೇರೆ ಮುಖದ ಚಿತ್ರ ತೋರಿಸಿ ಪ್ರಯೋಗ ಮಾಡಿದ್ದಾರೆ. ಆಗಷ್ಟೇ ಹುಟ್ಟಿದ ಮಗುವಿಗೆ ಎಲ್ಲ ಮುಖವೂ ಒಂದೇ. ಮೂರು ತಿಂಗಳ ಹೊತ್ತಿಗೆ, ದಿನಾ ಮನೆಯಲ್ಲಿ ಕಾಣುವಂಥ ಮುಖವನ್ನೇ ಜಾಸ್ತಿ ಹೊತ್ತು ನೋಡುತ್ತದೆ. ಆದರೆ ಇಥಿಯೋಪಿಯಾದಿಂದ ಇಸ್ರೇಲಿಗೆ ಬಂದವರ ಕೂಸುಗಳು ಎರಡೂ ಬಣ್ಣದ ಮುಖ ನೋಡುತ್ತಾ ಬೆಳೆದಿದ್ದವು. ಅವುಗಳಲ್ಲಿ ಆ ಒಲವೇ ಕಾಣಲಿಲ್ಲ.

ನಿಧಾನಿ:
ಮೂರೇ ತಿಂಗಳಿಗೆ ಶುರುವಾಗುತ್ತದೆ ಅಂತ ನೀವೇ ಹೇಳಿದಿರಲ್ಲ ಸ್ವಾಮಿ! ನನ್ನ ಮಾತಿಗೆ ಇದಕ್ಕಿಂತ ಸಾಕ್ಷಿ ಬೇಕಾ?

ಹಳೇ ಕಡತ:
ಗುಂಪು ಕಟ್ಟುವುದು ಹುಟ್ಟುಗುಣ ಇದ್ದರೂ ಇರಬಹುದು. ಅದನ್ನು ಬಣ್ಣದ ಮೇಲೇ ಕಟ್ಟಬೇಕು ಅಂತ ಹೇಳಿಕೊಟ್ಟವರು ಯಾರು? ದಕ್ಷಿಣ ಆಫ್ರಿಕಾ ನೋಡಿ. 1950ರಲ್ಲಿ ಅಲ್ಲಿ ಪ್ರತಿಯೊಬ್ಬರನ್ನೂ ಬಣ್ಣದ ಪ್ರಕಾರ ಪಟ್ಟಿಗೆ ಸೇರಿಸುವ ಕಾನೂನು ಬಂತು. ಕೆಲವರು ಯಾವ ಪಟ್ಟಿಗೆ ಸೇರಬೇಕು ಅಂತ ಅಧಿಕಾರಿಗಳಿಗೇ ತಿಳಿಯುತ್ತಿರಲಿಲ್ಲ. ಆಗ ಏನು ಮಾಡುತ್ತಿದ್ದರು ಗೊತ್ತಾ? ಕೂದಲಿಗೆ ಒಂದು ಪೆನ್ಸಿಲ್ ಸಿಕ್ಕಿಸಿ ತಲೆ ಅಲ್ಲಾಡಿಸು ಅನ್ನುತ್ತಿದ್ದರು. ಪೆನ್ಸಿಲ್ ಜಾರಿ ಬಿದ್ದರೆ ಬಿಳಿಯ. ಸಿಕ್ಕಿಕೊಂಡರೆ ಅಲ್ಲ. ಯಾವ ಬೀದಿಯಲ್ಲಿ ಮನೆ, ಯಾವ ಶಾಲೆ, ಯಾರ ಜೊತೆ ಮದುವೆ ಅನ್ನುವುದೆಲ್ಲ ಆ ಪಟ್ಟಿಯ ಮೇಲೇ ನಿಂತಿತ್ತು. ಒಂದೇ ಮನೆಯವರು ಎರಡು ಪಟ್ಟಿಗೆ ಹೋದದ್ದೂ ಉಂಟು. ನಿಜವಾಗಿಯೂ ರಕ್ತದಲ್ಲೇ ಇರುವ ಗೆರೆ ಆಗಿದ್ದರೆ ಪೆನ್ಸಿಲ್ ಯಾಕೆ ಬೇಕಿತ್ತು? ಆ ಕಾನೂನನ್ನು 1991ರಲ್ಲಿ ತೆಗೆದರು. 1994ರಲ್ಲಿ ಎಲ್ಲರೂ ಒಟ್ಟಿಗೆ ಸಾಲಿನಲ್ಲಿ ನಿಂತು ಮತ ಹಾಕಿದರು.

ಸಿಡುಕ:
ಕಡತದವರೇ, ಗೆರೆ ಅಳಿಸಿದ್ದು ಸರಿ. ನೆಲ ವಾಪಸ್ ಬಂತಾ? 1913ರಲ್ಲೇ ಕಾನೂನು ಮಾಡಿ, ಇಡೀ ದೇಶದಲ್ಲಿ ಕರಿಯರಿಗೆ ಅಂತ ಬಿಟ್ಟದ್ದು ನೂರಕ್ಕೆ ಸುಮಾರು 7 ಪಾಲು ನೆಲ. 2017ರಲ್ಲಿ ಸರ್ಕಾರವೇ ಲೆಕ್ಕ ಹಾಕಿದಾಗ, ಖಾಸಗಿ ವ್ಯಕ್ತಿಗಳ ಹೆಸರಿನಲ್ಲಿದ್ದ ಕೃಷಿ ಭೂಮಿಯಲ್ಲಿ 72 ಪಾಲು ಬಿಳಿಯರದ್ದೇ. ಮನಸ್ಸು ಬದಲಾಯಿತು, ಎಲ್ಲರೂ ಅಣ್ಣತಮ್ಮಂದಿರು ಅನ್ನುವ ಮಾತೆಲ್ಲ ಆಮೇಲೆ. ಮೊದಲು ಪತ್ರ ಯಾರ ಹೆಸರಿನಲ್ಲಿದೆ ತೋರಿಸಿ.

ಲೆಕ್ಕಿಗ:
ಸಿಡುಕ ಅವರು ಹೇಳಿದ್ದು ನಿಜ. ಆದರೆ ಮನಸ್ಸು ಬದಲಾಗುವುದೇ ಇಲ್ಲ ಅನ್ನುವುದು ಸುಳ್ಳು. ಕರಿಯರು ಮತ್ತು ಬಿಳಿಯರ ನಡುವೆ ಮದುವೆ ಆಗಬಹುದಾ ಅಂತ ಗ್ಯಾಲಪ್ ಸಂಸ್ಥೆ ಅಮೆರಿಕದಲ್ಲಿ ಕೇಳುತ್ತಾ ಬಂದಿದೆ. 1958ರಲ್ಲಿ ಒಪ್ಪಿದವರು ನೂರಕ್ಕೆ 4 ಜನ. 2021ರಲ್ಲಿ 94 ಜನ. ನನಗೆ ಇಲ್ಲಿ ಮುಖ್ಯ ಅನಿಸುವುದು ನಡುವಿನ ಒಂದು ಅಂಕಿ. ಅಂಥ ಮದುವೆಗೆ ಇದ್ದ ನಿಷೇಧವನ್ನು ಅಲ್ಲಿನ ಸುಪ್ರೀಂ ಕೋರ್ಟ್ 1967ರಲ್ಲಿ ಹೊಡೆದುಹಾಕಿತು. ಮರುವರ್ಷ ಕೇಳಿದಾಗಲೂ ಒಪ್ಪಿದವರು 20 ಜನ ಮಾತ್ರ. ಜನ ಒಪ್ಪಲಿ ಅಂತ ಕೋರ್ಟು ಕಾಯುತ್ತಾ ಕೂತಿದ್ದರೆ ಇನ್ನೂ ಮೂವತ್ತು ವರ್ಷ ಕಾಯಬೇಕಿತ್ತು.

ಅಂದ ಹಾಗೆ, ಅಲಬಾಮಾ ರಾಜ್ಯ ತನ್ನ ಸಂವಿಧಾನದಿಂದ ಅಂಥ ಮದುವೆ ಬೇಡ ಅನ್ನುವ ಆ ಸತ್ತ ಸಾಲನ್ನು ತೆಗೆದದ್ದು 2000ದಲ್ಲಿ. ಆಗಲೂ ನೂರಕ್ಕೆ ಸುಮಾರು 40 ಜನ ತೆಗೆಯಬೇಡಿ ಅಂತ ಮತ ಹಾಕಿದರು.

ಸಿಡುಕ:
ಸಮೀಕ್ಷೆಯವನ ಮುಂದೆ ಎಲ್ಲರೂ ಒಳ್ಳೆಯವರೇ. ಅಲ್ಲಿನ ಬಾಸ್ಟನ್, ಶಿಕಾಗೊ ನಗರಗಳಲ್ಲಿ ಕೆಲಸದ ಜಾಹೀರಾತುಗಳಿಗೆ ಸುಮಾರು 5,000 ಸುಳ್ಳು ಬಯೋಡೇಟಾ ಕಳಿಸಿ ಪರೀಕ್ಷಿಸಿದ್ದರು. 2004ರಲ್ಲಿ ಪ್ರಕಟವಾಯಿತು. ಅದೇ ಓದು, ಅದೇ ಅನುಭವ. ಹೆಸರು ಮಾತ್ರ ಬೇರೆ. ಬಿಳಿಯರ ಹೆಸರಿದ್ದರೆ 10 ಅರ್ಜಿಗೆ ಒಂದು ಕರೆ. ಕರಿಯರ ಹೆಸರಿದ್ದರೆ 15 ಅರ್ಜಿಗೆ ಒಂದು. ಆ ಅರ್ಜಿಗಳನ್ನು ಬದಿಗೆ ಸರಿಸಿದವರನ್ನು ಕೇಳಿ ನೋಡಿ. ನಾವು ಭೇದ ಮಾಡುವುದಿಲ್ಲಪ್ಪ ಅಂತ ಆಣೆ ಮಾಡುತ್ತಾರೆ.

ಸುಮ್ನೆ ಒಬ್ಬ:
ಎಲ್ಲದಕ್ಕೂ ಬಣ್ಣ ಎಳೆದು ತರುವುದೇ ದೊಡ್ಡ ಸಮಸ್ಯೆ. ನಾನು ಯಾರ ಬಣ್ಣವನ್ನೂ ನೋಡುವುದಿಲ್ಲ. ಎಲ್ಲರೂ ಹಾಗೆ ಇದ್ದುಬಿಟ್ಟರೆ ಮುಗಿಯಿತಲ್ಲ. ಈ ಚರ್ಚೆಯೇ ಬೇಕಾಗಿಲ್ಲ.

ಮಳೆಹನಿ:
ನಾನು ನರ್ಸ್. ಬಣ್ಣ ನೋಡದೆ ನನ್ನ ಕೆಲಸ ನಡೆಯುವುದಿಲ್ಲ, ಯಾಕೆ ಅಂತ ಹೇಳುತ್ತೇನೆ. ಬೆರಳಿಗೆ ಕ್ಲಿಪ್ ಹಾಕಿ ಆಕ್ಸಿಜನ್ ನೋಡುತ್ತೇವಲ್ಲ, ಪಲ್ಸ್ ಆಕ್ಸಿಮೀಟರ್, ಅದು ಬೆರಳಿನ ಮೂಲಕ ಬೆಳಕು ಹಾಯಿಸಿ ಲೆಕ್ಕ ಹಾಕುತ್ತದೆ. ಚರ್ಮ ಕಪ್ಪಾದಷ್ಟೂ ಬೆಳಕನ್ನು ಜಾಸ್ತಿ ಹೀರಿಕೊಳ್ಳುತ್ತದೆ. ಆಗ ಮೀಟರ್ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಮೀಟರಿನಲ್ಲಿ ಸರಿ ಇದ್ದು ರಕ್ತದಲ್ಲಿ ಆಕ್ಸಿಜನ್ ಇಳಿದಿರುವುದು, ಬಿಳಿಯರಿಗಿಂತ ಕರಿಯರಲ್ಲಿ ಸುಮಾರು ಮೂರು ಪಟ್ಟು ಜಾಸ್ತಿ ಅಂತ 2020ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು.

ನನಗೆ ಇದೆಲ್ಲ ಗೊತ್ತಿರಲಿಲ್ಲ. ಒಂದು ರಾತ್ರಿ ಪಾಳಿಯಲ್ಲಿ ಕಡುಕಪ್ಪು ಮೈಯ ಒಬ್ಬ ರೋಗಿ ಉಸಿರು ಸಾಲುತ್ತಿಲ್ಲ ಅನ್ನುತ್ತಲೇ ಇದ್ದರು. ಮೀಟರಿನಲ್ಲಿ 95. ನಾನು ಎರಡು ಸಲ 'ಗಾಬರಿ ಆಗಬೇಡಿ, ನಂಬರ್ ಚೆನ್ನಾಗಿದೆ' ಅಂದೆ. ಮೂರನೇ ಸಲ ಅವರು ಮಾತಾಡಲಿಲ್ಲ. ಮಂಚದ ಅಂಚು ಹಿಡಿದು ಮುಂದಕ್ಕೆ ಬಾಗಿ ಕೂತಿದ್ದರು, ಪಕ್ಕೆಲುಬಿನ ನಡುವಿನ ಚರ್ಮ ಒಳಕ್ಕೆ ಎಳೆಯುತ್ತಿತ್ತು. ಡಾಕ್ಟರನ್ನು ಕರೆದು ರಕ್ತ ತೆಗೆಸಿ ನೋಡಿದರೆ 86. ಮೀಟರಿಗೆ ಯಾರ ಮೇಲೂ ದ್ವೇಷ ಇಲ್ಲ. ನನಗೂ ಇರಲಿಲ್ಲ. ಅಷ್ಟರಿಂದ ಅವರಿಗೆ ಏನು ಉಪಯೋಗ ಆಯಿತು?

ಸುಮ್ನೆ ಒಬ್ಬ:
ಅದು ಯಂತ್ರದ ದೋಷ, ಸಿಸ್ಟರ್. ಇದನ್ನು ರೇಸಿಸಂ ಅನ್ನುವುದು ಅತಿ ಆಯಿತು.

ಮಳೆಹನಿ:
ಹೆಸರು ಏನಾದರೂ ಇಡಿ. ಕಪ್ಪು ಚರ್ಮದಲ್ಲಿ ಮೀಟರ್ ಹೆಚ್ಚು ತೋರಿಸುತ್ತದೆ ಅಂತ 1990ರಲ್ಲೇ ವೈದ್ಯರು ಬರೆದಿದ್ದರು. ಬೆಳ್ಳಗಿನವರ ಬೆರಳಿನಲ್ಲಿ ತಪ್ಪು ತೋರಿಸಿದ್ದರೆ ಮೂವತ್ತು ವರ್ಷ ಸುಮ್ಮನೆ ಇರುತ್ತಿದ್ದರಾ?

ಹಳೇ ಕಡತ:
ಸಿಸ್ಟರ್ ಹೇಳಿದ್ದಕ್ಕೆ ಜೋಡಿ ಇನ್ನೊಂದಿದೆ. ಅಮೆರಿಕದಲ್ಲಿ ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ ಲೆಕ್ಕ ಹಾಕುವ ಸೂತ್ರದಲ್ಲಿ, ರೋಗಿ ಕರಿಯನಾಗಿದ್ದರೆ ಅಂಕಿಯನ್ನು ಒಂದಿಷ್ಟು ಏರಿಸುತ್ತಿದ್ದರು. ಕಿಡ್ನಿ ಇನ್ನೂ ಚೆನ್ನಾಗಿದೆ ಅಂತ ಕಾಣುತ್ತಿತ್ತು. ಕಸಿಯ ಸರದಿಗೆ ಅವರ ಹೆಸರು ತಡವಾಗಿ ಸೇರುತ್ತಿತ್ತು. 2021ರಲ್ಲಿ ಬಣ್ಣ ಇಲ್ಲದ ಹೊಸ ಸೂತ್ರ ಬಂತು. ಅಷ್ಟಕ್ಕೇ ಬಿಡಲಿಲ್ಲ. 2023ರಿಂದ, ಹಳೆ ಸೂತ್ರದಿಂದ ಸರದಿಯಲ್ಲಿ ಹಿಂದೆ ಬಿದ್ದವರಿಗೆ ಕಳೆದುಹೋದ ಸಮಯವನ್ನು ಲೆಕ್ಕಕ್ಕೆ ಸೇರಿಸಿ ಕೊಟ್ಟರು. ಸಾವಿರಾರು ಜನ ಸರದಿಯಲ್ಲಿ ಮುಂದೆ ಬಂದರು.

ಸಿಡುಕ:
ಇದು ಬೇಕಾದ್ದು. ಕ್ಷಮೆ ಕೇಳಿ ಕೈಮುಗಿದು ಹೋಗಲಿಲ್ಲ, ತೆಗೆದುಕೊಂಡದ್ದನ್ನು ಎಣಿಸಿ ವಾಪಸ್ ಕೊಟ್ಟರು. ಈ ಮಟ್ಟಿಗೆ ನನ್ನ ಸಿಡುಕು ಇವತ್ತು ಸ್ವಲ್ಪ ಕಮ್ಮಿ.

ನಿಧಾನಿ:
ಒಂದು ಮಾತು ಒಪ್ಪುತ್ತೇನೆ. ನಾನು ಎಲ್ಲರ ಎದೆಯೂ ಶುದ್ಧ ಆಗುತ್ತಾ ಅಂತ ಕೇಳುತ್ತಿದ್ದೆ. ನೀವೆಲ್ಲ ಪಟ್ಟಿ, ಪತ್ರ, ಮೀಟರ್ ಹಿಡಿದು ಮಾತಾಡುತ್ತಿದ್ದೀರಿ. ಆದರೂ ಮೈದಾನದಲ್ಲಿ ಕೂಗುವವನಿಗೆ ಯಾವ ಸೂತ್ರ ಬದಲಾಯಿಸುತ್ತೀರಿ? ಅದಕ್ಕೆ ಇಲ್ಲಿ ಯಾರೂ ಉತ್ತರ ಕೊಡಲಿಲ್ಲ. ಇರಲಿ. ಸಿಸ್ಟರ್, ಆ ರೋಗಿ ಏನಾದರು?

ಮಳೆಹನಿ:
ಆಕ್ಸಿಜನ್ ಏರಿಸಿದೆವು. ಒಂಬತ್ತನೇ ದಿನ ನಡೆದುಕೊಂಡೇ ಮನೆಗೆ ಹೋದರು. ವಾರ್ಡಿನಲ್ಲಿ ಈಗಲೂ ಅದೇ ಮೀಟರ್ ಇದೆ. ನಂಬರ್ ನೋಡಿದ ಮೇಲೆ ಅಂಗಿ ಸರಿಸಿ ಎದೆ ಏರುವುದನ್ನೂ ನೋಡಿ ಅಂತ ಹೊಸಬರಿಗೆ ಮೊದಲ ದಿನವೇ ಹೇಳುತ್ತೇನೆ.

ಸಿಡುಕ:
ಮೀಟರ್ ಬದಲಾಯಿಸಿ ಅಂತ ಮೇಲಿನವರಿಗೆ ಬರೆದು ಕೊಟ್ಟಿರಾ?

ಮಳೆಹನಿ:
ಎರಡು ಸಲ ಕೊಟ್ಟೆ. ಉತ್ತರ ಬಂದಿಲ್ಲ. ಮೂರನೆಯದು ಬರೆಯುತ್ತಾ ಇದ್ದೇನೆ. ಹಳೇ ಕಡತದವರೇ, ಕಿಡ್ನಿ ವಿಷಯವನ್ನೂ ಅದರಲ್ಲಿ ಸೇರಿಸಲಾ?