ಲಾರಾ ವಿಆರ್‌ಎಸ್ 2012: ಬೆಳಗ್ಗೆ ಸ್ಟಾರ್ಟ್ ಮಾಡಿದ್ರೆ ಗರಗರ ಸದ್ದು, ಆಯಿಲ್ ಕುಡೀತಿದೆ. ಎಂಜಿನ್ ಬಿಚ್ಚಿಸ್ಲಾ?

ಕೆಎ17_ಟರ್ಬೊ (ದಾವಣಗೆರೆ)

ಎಲ್ರಿಗೂ ನಮಸ್ಕಾರ. ನನ್ನ ಹತ್ರ ಇರೋದು 2012ರ ಸ್ಕೋಡಾ ಲಾರಾ ವಿಆರ್‌ಎಸ್ ಕಾರು, 1.8 ಟಿಎಸ್‌ಐ ಪೆಟ್ರೋಲ್, ಆರು ಗೇರಿನ ಮ್ಯಾನ್ಯುವಲ್. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಮೀಟರ್ 1.24 ಲಕ್ಷ ತೋರಿಸ್ತಿದೆ. ಓಡಾಟ ಹೆಚ್ಚಿಗೆ ಊರೊಳಗೇ, ಆಗಾಗ ಬೆಂಗಳೂರು.

ತೊಂದ್ರೆ ಏನಂದ್ರೆ, ಬೆಳಗ್ಗೆ ಮೊದಲನೇ ಸಲ ಸ್ಟಾರ್ಟ್ ಮಾಡಿದಾಗ ಎರಡು ಮೂರು ಸೆಕೆಂಡ್ ಗರಗರ ಸದ್ದು, ಆಮೇಲೆ ತಾನೇ ನಿಲ್ಲುತ್ತೆ. ಪಿ.ಬಿ. ರೋಡ್ ಸಿಗ್ನಲಲ್ಲಿ ನಿಂತ್ರೆ ಗಾಡಿ ನಡುಗುತ್ತೆ, ಬಾನೆಟ್ ಒಳಗಿಂದ ಸಣ್ಣ ಸಿಳ್ಳೆ ಬೇರೆ. ಸಾವಿರ ಕಿಲೋಮೀಟರಿಗೆ ಒಂದು ಲೀಟರ್ ಹತ್ರ ಆಯಿಲ್ ಹಾಕ್ಬೇಕು. ಕೂಲೆಂಟ್ ಕೂಡ ನಿಧಾನಕ್ಕೆ ಇಳೀತಿದೆ. ಸ್ಕ್ಯಾನ್ ಮಾಡ್ಸಿದ್ರೆ ಪಿ0171 (ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ), ಪಿ0302 ಅನ್ನೋ ಕೋಡುಗಳು ಬಂತು.

ಒಂದು ಗ್ಯಾರೇಜಲ್ಲಿ ತೋರಿಸ್ದೆ. ‘ಪಿಸ್ಟನ್ ರಿಂಗ್ ಹೋಗಿದೆ ಸರ್, ಎಂಜಿನ್ ಬಿಚ್ಚಲೇಬೇಕು, 1.9 ಲಕ್ಷ ಇಟ್ಕೊಳ್ಳಿ’ ಅಂದ್ರು. ಗಾಡಿ ಬೆಲೆನೇ ಎಷ್ಟಿದೆ ಈಗ? ಆರ್‌ಸಿ ರಿನ್ಯೂವಲ್ ಕೂಡ ಹತ್ರ ಬರ್ತಿದೆ. ಮಾರಿಬಿಡ್ಲಾ, ಮಾಡಿಸ್ಲಾ?

ಮಂಡಕ್ಕಿ ಮೆಣಸಿನಕಾಯಿ

ಎಲ್ಲಾ ಇ20 (20% ಎಥೆನಾಲ್ ಬೆರೆಸಿದ) ಪೆಟ್ರೋಲ್ ಮಹಿಮೆ ಅಣ್ಣ. ಹಳೇ ಗಾಡಿಗಳ ಕಥೆ ಮುಗೀತು. ಸಿಕ್ಕಷ್ಟಕ್ಕೆ ಕೊಟ್ಟು ಡೀಸೆಲ್ ತಗೊಳ್ಳಿ.

ಕಲ್ಲಿನಕೋಟೆ (ಚಿತ್ರದುರ್ಗ)

ಮೊದಲು ಗಾಡಿ ಓಡಿಸೋದು ನಿಲ್ಸಿ ಸರ್. ರಿಂಗಿನ ಮಾತು ಆಮೇಲೆ.

ನೀವು ಹೇಳೋ ಗರಗರ ಸದ್ದು ಟೈಮಿಂಗ್ ಚೈನಿಂದು ಅನ್ನೋದೇ ನನ್ನ ಮೊದಲ ಅನುಮಾನ. ವಾಲ್ವುಗಳನ್ನ ಪಿಸ್ಟನ್ ಜೊತೆ ತಾಳ ಹಾಕಿಸೋದಕ್ಕೆ ಈ ಎಂಜಿನಲ್ಲಿ ಬೆಲ್ಟ್ ಇಲ್ಲ, ಚೈನ್. ಅದನ್ನ ಬಿಗಿಯಾಗಿ ಹಿಡಿಯೋ ಟೆನ್ಷನರ್ ಆಯಿಲ್ ಪ್ರೆಷರ್ ಮೇಲೆ ಕೆಲಸ ಮಾಡುತ್ತೆ. ಎಂಜಿನ್ ಆಫ್ ಇದ್ದಾಗ ಪ್ರೆಷರ್ ಇರಲ್ಲ, ಆಗ ಟೆನ್ಷನರ್ ಒಳಗಿನ ಪುಟ್ಟ ಪಿಸ್ಟನ್ ಹಿಂದಕ್ಕೆ ಜಾರದ ಹಾಗೆ ಒಂದು ಹಲ್ಲಿನ ಲಾಕ್ ತಡೆಯುತ್ತೆ. ನಿಮ್ಮ ಗಾಡೀಲಿರೋ ಈ ಇಎ888 ಎಂಜಿನ್ನಿನ ಮೊದಮೊದಲ ಟೆನ್ಷನರ್‌ಗಳಲ್ಲಿ ಈ ಲಾಕೇ ದುರ್ಬಲ, ಆಮೇಲೆ ಕಂಪನಿ ಬದಲಾಯಿಸಿದ ಪಾರ್ಟ್ ತಂತು. ಲಾಕ್ ಕೈಕೊಟ್ರೆ ಸ್ಟಾರ್ಟ್ ಮಾಡೋ ಕ್ಷಣದಲ್ಲಿ ಚೈನ್ ಸಡಿಲ ಇರುತ್ತೆ, ಹಲ್ಲು ಹಾರುತ್ತೆ, ವಾಲ್ವ್ ಹೋಗಿ ಎಂಜಿನ್ ಪಿಸ್ಟನ್ನಿಗೆ ಬಡಿಯುತ್ತೆ. ಆಮೇಲೆ 1.9 ಲಕ್ಷನೂ ಕಡಿಮೆ ಅನ್ಸುತ್ತೆ.

ಎಂಜಿನ್ ಬಿಚ್ಚದೇ ನೋಡಬಹುದು. ಕೆಳಗಿನ ಟೈಮಿಂಗ್ ಕವರಲ್ಲಿ ಒಂದು ರಬ್ಬರ್ ಪ್ಲಗ್ ಇದೆ, ಅದನ್ನ ತೆಗೆದು ಟಾರ್ಚ್, ಕನ್ನಡಿ ಹಿಡಿದ್ರೆ ಟೆನ್ಷನರ್ ಹಳೇದೋ ಹೊಸದೋ, ಅದರ ಪಿಸ್ಟನ್ ಎಷ್ಟು ಹೊರಗೆ ಬಂದಿದೆ, ಎರಡೂ ಕಾಣುತ್ತೆ. ಪಿಸ್ಟನ್ ತುಂಬಾ ಹೊರಗಿದ್ರೆ ಚೈನ್ ಉದ್ದ ಆಗಿದೆ ಅಂತ. ಅಲ್ಲಿವರೆಗೂ ಇಳಿಜಾರಲ್ಲಿ ಗೇರಲ್ಲಿ ಬಿಟ್ಟು ನಿಲ್ಲಿಸಬೇಡಿ, ಹ್ಯಾಂಡ್ ಬ್ರೇಕ್ ಹಾಕಿ. ಎಂಜಿನ್ ಹಿಂದಕ್ಕೆ ತಿರುಗಿದ್ರೂ ಅದೇ ಅಪಾಯ. ತಳ್ಳಿ ಸ್ಟಾರ್ಟ್ ಮಾಡೋದಂತೂ ಬೇಡವೇ ಬೇಡ.

ಇನ್ನು ಸಿಳ್ಳೆ, ನಡುಕ, ಆಯಿಲ್ ಖರ್ಚು, ಪಿ0171. ಈ ನಾಲ್ಕೂ ಒಟ್ಟಿಗೆ ಬಂದ್ರೆ ಪಿಸಿವಿ ನೋಡದೇ ರಿಂಗ್ ಅನ್ನೋರ ಹತ್ರ ಗಾಡಿ ಬಿಡಬೇಡಿ. ಪಿಸಿವಿ ಅಂದ್ರೆ ಎಂಜಿನ್ ಒಳಗಿನ ಆವಿನ ಇನ್‌ಟೇಕಿಗೆ ಕಳಿಸೋ ವಾಲ್ವ್. ಅದು ಇರೋ, ಎಂಜಿನ್ ಮೇಲೆ ಕೂರೋ ಆಯಿಲ್ ಸೆಪರೇಟರ್ ಒಳಗೆ ತೆಳ್ಳನೆ ರಬ್ಬರ್ ಡಯಾಫ್ರಾಮ್ ಇರುತ್ತೆ, ಬಿಸಿಗೆ ಹರಿಯುತ್ತೆ. ಹರಿದ್ರೆ ಅಲ್ಲಿಂದ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗುತ್ತೆ, ಜೊತೆಗೆ ಆಯಿಲ್ ಆವಿನೂ ಎಳ್ಕೊಳ್ಳುತ್ತೆ. ಎಂಜಿನ್ ಐಡಲಲ್ಲಿ ಓಡ್ತಿರುವಾಗ ಡಿಪ್‌ಸ್ಟಿಕ್ (ಆಯಿಲ್ ಅಳೆಯೋ ಕಡ್ಡಿ) ಎಳೆದು ನೋಡಿ. ಸಿಳ್ಳೆ ತಟ್ಟನೆ ನಿಂತ್ರೆ ಕಳ್ಳ ಅಲ್ಲೇ ಇದ್ದಾನೆ. ಆಯಿಲ್ ಕ್ಯಾಪ್ ಎತ್ತೋಕೇ ಬರದಷ್ಟು ಬಿಗಿಯಾಗಿ ಎಳ್ಕೊಂಡಿದ್ರೂ ಅದೇ.

@ಮಂಡಕ್ಕಿ, ಇ20ಯಿಂದ ಮೈಲೇಜ್ ಸ್ವಲ್ಪ ಇಳಿಯುತ್ತೆ, ಹಳೇ ರಬ್ಬರ್ ಪೈಪುಗಳ ಬಗ್ಗೆ ಎಚ್ಚರ ಬೇಕು, ಒಪ್ತೀನಿ. ಆದ್ರೆ ಚೈನ್ ಗರಗರ ಅನ್ನೋದಕ್ಕೂ ಪೆಟ್ರೋಲಿಗೂ ಏನ್ ಸಂಬಂಧ?

ಕೆಎ17_ಟರ್ಬೊ

ಸರ್, ಸದ್ದಿಗೆ ಹೆದರಿ ಮತ್ತೆ ಸ್ಟಾರ್ಟ್ ಮಾಡೋಕೂ ಮನಸ್ಸಿರಲಿಲ್ಲ. ಮೊದಲು ಮೆಕ್ಯಾನಿಕ್‌ನ ಮನೆಗೇ ಕರೆಸಿ ಆ ರಬ್ಬರ್ ಪ್ಲಗ್ ತೆಗೆಸಿದೆ. ಟೆನ್ಷನರ್ ಹಳೇ ಮಾದರಿನೇ ಅಂತೆ, ಪಿಸ್ಟನ್ ಸುಮಾರು ಹೊರಗೆ ಬಂದಿದೆ. ಆಮೇಲೆ ಒಂದೇ ಒಂದು ಸಲ ಸ್ಟಾರ್ಟ್ ಮಾಡಿ ಡಿಪ್‌ಸ್ಟಿಕ್ ಎಳೆದ್ರೆ ಸಿಳ್ಳೆ ನಿಂತೇ ಹೋಯ್ತು! ಗೇರ್‌ಬಾಕ್ಸ್, ಎಂಜಿನ್ ಕೂಡೋ ಜಾಗದಲ್ಲಿ ಕೆಳಗೆ ಆಯಿಲ್ ಜಿಡ್ಡು ಇದೆ. ಇನ್‌ಟೇಕ್ ಕೆಳಗೆ ಗುಲಾಬಿ ಬಣ್ಣದ ಪುಡಿ ಒಣಗಿ ಅಂಟಿದೆ. ಖರ್ಚು ಎಷ್ಟಾಗಬಹುದು?

ಕಲ್ಲಿನಕೋಟೆ

ಗುಲಾಬಿ ಪುಡಿ ಕೂಲೆಂಟಿಂದು. ವಾಟರ್ ಪಂಪ್, ಥರ್ಮೋಸ್ಟಾಟ್ ಎರಡೂ ಒಂದೇ ಪ್ಲಾಸ್ಟಿಕ್ ಹೌಸಿಂಗಲ್ಲಿ ಬರುತ್ತೆ, ವರ್ಷಗಟ್ಟಲೆ ಬಿಸಿ ತಿಂದು ಪ್ಲಾಸ್ಟಿಕ್ ಸೊಟ್ಟಗಾಗುತ್ತೆ, ಸೀಲ್ ಬಿಡುತ್ತೆ. ನಮ್ಮ ಕಡೆ ಏಪ್ರಿಲ್ ಬಿಸಿಲಿಗೆ ಮುಂಚೆ ಮಾಡಿಸ್ಕೊಳ್ಳಿ, ಹಿರಿಯೂರು ಹತ್ರ ಹೈವೇಲಿ ಟೆಂಪರೇಚರ್ ಲೈಟ್ ಬಂದ್ರೆ ಎಂಜಿನ್ ಹೆಡ್ಡೇ ಹೋದೀತು.

ಖರ್ಚು ಹೀಗೆ ಬರಬಹುದು. ಬಿಡಿಭಾಗ ಯಾವ ಕಂಪನಿದು ಅನ್ನೋದರ ಮೇಲೆ ಹೆಚ್ಚು ಕಡಿಮೆ ಆಗುತ್ತೆ. ಟೆನ್ಷನರ್, ಚೈನ್, ಗೈಡುಗಳು ಸೇರಿದ ಕಿಟ್ ಮತ್ತು ಕೂಲಿ 50ರಿಂದ 80 ಸಾವಿರ. ಟೆನ್ಷನರ್ ಒಂದನ್ನೇ ಹಾಕಿಸಿ ದುಡ್ಡು ಉಳಿಸೋ ಆಸೆ ಬೇಡ, ಅಷ್ಟು ಬಿಚ್ಚಿದ ಮೇಲೆ ಹಳೇ ಚೈನ್ ವಾಪಸ್ ಹಾಕೋದು ದಡ್ಡತನ. ಪಿಸಿವಿ 8ರಿಂದ 12 ಸಾವಿರ. ವಾಟರ್ ಪಂಪ್ ಹೌಸಿಂಗ್ 15ರಿಂದ 25 ಸಾವಿರ, ಅದರ ಪುಟ್ಟ ಬೆಲ್ಟ್ ಕೂಡ ಹೊಸದೇ ಹಾಕ್ಸಿ.

ಪಂಪಿಗೆ ಕೈ ಹೋಗಬೇಕಂದ್ರೆ ಇನ್‌ಟೇಕ್ ಮ್ಯಾನಿಫೋಲ್ಡ್ ಬಿಚ್ಚೋದೇ ಸಲೀಸು. ಅಷ್ಟೊತ್ತಿಗೆ ಇನ್‌ಟೇಕ್ ವಾಲ್ವುಗಳು ಕಣ್ಣೆದುರಿಗೇ ಇರುತ್ತೆ. ಇದು ಡೈರೆಕ್ಟ್ ಇಂಜೆಕ್ಷನ್, ಪೆಟ್ರೋಲ್ ನೇರ ಸಿಲಿಂಡರಿಗೇ ಹೋಗೋದ್ರಿಂದ ಆ ವಾಲ್ವುಗಳ ಬೆನ್ನು ತೊಳೆಯೋರೇ ಇಲ್ಲ, ಮಸಿ ದಪ್ಪಗೆ ಕಟ್ಟಿರುತ್ತೆ. ಪಿಸಿವಿ ಹರಿದ ಗಾಡೀಲಿ ಇನ್ನೂ ಜಾಸ್ತಿ. ಅದೇ ಬಿಚ್ಚಿನಲ್ಲೇ ಕ್ಲೀನ್ ಮಾಡಿಸಿ, ಕೂಲಿ ಎರಡೆರಡು ಸಲ ಬೀಳಲ್ಲ.

ಪಿ0302 ಅಂದ್ರೆ ಎರಡನೇ ಸಿಲಿಂಡರ್ ಮಿಸ್‌ಫೈರ್. ಚೈನ್ ಕೆಲಸ ಮುಗಿದ ಮೇಲೂ ಬಂದ್ರೆ ಅದರ ಇಗ್ನಿಷನ್ ಕಾಯಿಲ್ (ಕಿಡಿಗೆ ಕರೆಂಟ್ ಕೊಡೋದು) ಮೂರನೇ ಸಿಲಿಂಡರಿಗೆ ಬದಲಾಯಿಸಿ ಹಾಕಿ ನೋಡಿ. ಕೋಡ್ ಪಿ0303 ಆದ್ರೆ ಕಾಯಿಲ್ ಕೆಟ್ಟಿದೆ, ಮೂರು ಸಾವಿರದ ಆಸುಪಾಸು. ಕೋಡ್ ಎರಡರಲ್ಲೇ ಉಳಿದ್ರೆ ಸ್ಪಾರ್ಕ್ ಪ್ಲಗ್, ಇಂಜೆಕ್ಟರ್ ಕಡೆ ಹೋಗಿ.

ಆಯಿಲ್ ವಿಡಬ್ಲ್ಯು 502 00 ಗ್ರೇಡಿನ 5ಡಬ್ಲ್ಯು-40 ಹಾಕಿ, 4.6 ಲೀಟರ್ ಹಿಡಿಯುತ್ತೆ. ಪಿಸಿವಿ ಹೊಸದು ಹಾಕಿದ ಮೇಲೆ ಎರಡು ಸಾವಿರ ಕಿಲೋಮೀಟರ್ ಅಳತೆ ಬರೆದಿಡಿ. ಸಾವಿರಕ್ಕೆ ಅರ್ಧ ಲೀಟರ್ ಒಳಗಿದ್ರೆ ಕಂಪನಿ ಪುಸ್ತಕದ ಪ್ರಕಾರ ಅದು ಸರಿಯೇ. ಅದಕ್ಕೂ ಮೀರಿದ್ರೆ ಮಾತ್ರ ಆಯಿಲ್ ರಿಂಗ್ ಕಡೆ ನೋಡೋದು. ಈ ಎಂಜಿನಿಗೆ ಆ ರೋಗ ಇಲ್ಲ ಅಂತ ನಾನು ಹೇಳ್ತಿಲ್ಲ, ಇದೆ. ಆದ್ರೆ ಅದನ್ನ ಕೊನೇಲಿ ನೋಡ್ಬೇಕು, ಮೊದಲೇ ಅಲ್ಲ.

ಗುಜರಿ ಪ್ರೇಮಿ

ಆರ್‌ಸಿ ವಿಷಯ: 15 ವರ್ಷ ಆದ ಸ್ವಂತ ಕಾರಿಗೆ ರಿನ್ಯೂವಲ್ ಫೀಸು 5,000 ರೂಪಾಯಿ, ಹಸಿರು ತೆರಿಗೆ ಬೇರೆ. ಹೊಗೆ ಉಗುಳ್ತಾ ಇನ್‌ಸ್ಪೆಕ್ಷನ್‌ಗೆ ಹೋಗಬೇಡಿ.

ಕೆಎ17_ಟರ್ಬೊ

ಚೈನ್, ಪಿಸಿವಿ, ಪಂಪ್ ಮೂರಕ್ಕೂ ಸೇರಿಸಿ 96 ಸಾವಿರಕ್ಕೆ ಒಬ್ರು ಒಪ್ಪಿದ್ದಾರೆ. ಗೇರ್‌ಬಾಕ್ಸ್ ಹತ್ರದ ಜಿಡ್ಡಿಗೆ ಎಂಜಿನ್ ಹಿಂಬದಿಯ ಕ್ರ್ಯಾಂಕ್ ಸೀಲ್ (ಅಲ್ಲಿ ಆಯಿಲ್ ಸೋರದ ಹಾಗೆ ತಡೆಯೋದು) ಕೂಡ ಈಗಲೇ ಹಾಕಿಸಿ ಅಂತಾರೆ, ಗೇರ್‌ಬಾಕ್ಸ್ ಇಳಿಸೋಕೆ 14 ಸಾವಿರ ಜಾಸ್ತಿ. ಮಾಡಿಸ್ಲಾ ಸರ್?

ಕಲ್ಲಿನಕೋಟೆ

ಕ್ಲಚ್ ಹೇಗಿದೆ? ಪೆಡಲ್ ತುಂಬಾ ಮೇಲೆ ಬಂದಾಗ ಹಿಡೀತಿದ್ರೆ, ಮೂರನೇ ಗೇರಲ್ಲಿ ಒತ್ತಿದಾಗ ಜಾರ್ತಿದ್ರೆ, ಸೀಲು ಕ್ಲಚ್ಚು ಎರಡೂ ಒಂದೇ ಸಲ ಮುಗಿಸಿ. ಕ್ಲಚ್ ಗಟ್ಟಿ ಇದ್ರೆ ಈಗ ಬೇಡ. ಪಿಸಿವಿ ಕೆಟ್ಟಾಗ ಒಳಗಿನ ಎಳೆತಕ್ಕೇ ಆ ಸೀಲ್ ಸೋರೋಕೆ ಶುರು ಮಾಡುತ್ತೆ. ಪಿಸಿವಿ ಹಾಕಿಸಿ, ಜಿಡ್ಡು ಒರೆಸಿ, ಒಂದು ತಿಂಗಳು ಓಡಿಸಿ, ಕೆಳಗೆ ರಟ್ಟು ಹಾಸಿ ನೋಡಿ. ಮತ್ತೆ ಹನಿ ಬಿದ್ರೆ ಫೋಟೋ ಇಲ್ಲೇ ಹಾಕಿ.